ದೂರ ಹೋದ ಬಡಿತ

೨೦೦೬ರಲ್ಲಿ ನಾನು ರಾಣೆಬೆನ್ನೂರಿನ ಮಕ್ಕಳ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೆ. ಆ ಮಧ್ಯಾಹ್ನ ವಾರ್ಡಿನಲ್ಲಿದ್ದದ್ದು ಉಸಿರಾಟದ ಯಂತ್ರಕ್ಕೆ ಹಾಕಿದ್ದ ಎರಡು ದಿನದ ಹೆಣ್ಣುಕೂಸು ಮತ್ತು ನಾನು, ಇಬ್ಬರೇ. ತಾಯಿ ಹೊಳಿಯವ್ವ ಆಪರೇಷನ್ ಆಗಿ ಹಾವೇರಿಯಲ್ಲಿ ಮಲಗಿದ್ದಳು. ಕೂಸಿನ ಮುಖವನ್ನೂ ನೋಡಿರಲಿಲ್ಲ.

ಸ್ಟೆತಸ್ಕೋಪ್ ಇಟ್ಟಾಗ ಎದೆಬಡಿತ, ಯಾರೋ ನಡೆದು ದೂರ ಹೋಗುತ್ತಿರುವ ಹಾಗೆ, ಸಣ್ಣದಾಗುತ್ತ ಹೋಯಿತು. ಓಡಿ ಡಾಕ್ಟರನ್ನು ಕರೆದೆ.

"ಹೃದಯದ ಸುತ್ತ ಗಾಳಿ ಸಿಕ್ಕೊಂಡದ," ಎಂದು ಅವರು ಸೂಜಿ ಚುಚ್ಚಿ ಗಾಳಿ ಎಳೆದರು. ಕೂಸು ಉಳಿಯಲಿಲ್ಲ.

ಬಟ್ಟೆಯಲ್ಲಿ ಸುತ್ತಿ, ಹೊರಗೆ ಕಾಯುತ್ತಿದ್ದ ಕೂಸಿನ ಅಪ್ಪನ ಕೈಗೆ ಕೊಟ್ಟು ಬಂದೆ. ಯಂತ್ರ ಆರಿಸಿ ತಾಸಾಗಿದ್ದರೂ ಹಾಸಿಗೆ ಬೆಚ್ಚಗಿತ್ತು. ಯಾಕೋ ಅದರ ಮೇಲೆ ಸ್ಟೆತಸ್ಕೋಪ್ ಇಟ್ಟೆ. ಡಾಕ್ಟರನ್ನು ಮತ್ತೆ ಕರೆದು ಅದನ್ನು ಅವರ ಕೈಗೆ ಕೊಟ್ಟೆ.

"ಸರ, ಸ್ವಲ್ಪ ಇಲ್ಲಿ ಕೇಳ್ರಿ."

ಡಾಕ್ಟರ್ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಕೇಳಿದರು.

"ಬಡಿತ ನೂರಾ ನಲವತ್ತು ಅದ," ಎಂದರು. "ಬರಕೋಬ್ಯಾಡ್ರಿ."