ಹಿಂದಕ್ಕೆ ವಾಲಿದ ಗೆರೆ

"ಸುಳ್ಳು ಯಾಕೆ ಹೇಳ್ದೆ?"

ಸ್ಪೀಕರ್ ರಿಪೇರಿ ಅಂಗಡಿಯ ಬಾಗಿಲಲ್ಲಿ ಅವಳು ಏದುಸಿರು ಬಿಡುತ್ತಾ ನಿಂತಿದ್ದಳು. ಒಳಗಿದ್ದವನ ಕೈಯಿಂದ ಸ್ಕ್ರೂಡ್ರೈವರ್ ಜಾರಿ ಬಿತ್ತು. ಇನ್ನು ನಿನ್ನ ಮುಖ ನೋಡಲ್ಲ ಎಂದಿದ್ದವಳು... ಇವತ್ತು ತಾನಾಗಿಯೇ ಬಂದಿದ್ದಾಳೆ!

"ಯಾವ ಸುಳ್ಳು?"

"ನಾಟಕದ ದಿನ ಅಮ್ಮನ ದನಿ ಬರ್ದೇ ಇದ್ದಿದ್ದು ನಿನ್ನ ತಪ್ಪು ಅಂದ್ಯಲ್ಲ... ಆ ಸುಳ್ಳು."

ಅವನು ತಲೆ ತಗ್ಗಿಸಿದ. ಸಿಕ್ಕಿಬಿದ್ದ ಕಳ್ಳನೂ ಇಷ್ಟು ಸಣ್ಣಗಾಗಲಿಕ್ಕಿಲ್ಲ, ಪಾಪ!

ಆ ದಿನವನ್ನು ಅವಳು ಹೇಗೆ ತಾನೇ ಮರೆತಾಳು? ಜೀವನವಿಡೀ ರಂಗದ ಮೇಲೆ ಮೆರೆದ ಅಮ್ಮ ಹಾಸಿಗೆ ಹಿಡಿದಿದ್ದಳು. ಅಜ್ಜಿ ಪಾತ್ರದ ಮಾತುಗಳನ್ನು ಮನೆಯಲ್ಲೇ ರೆಕಾರ್ಡ್ ಮಾಡಿಸಿದ್ದಳು.

"ಏನಪ್ಪಾ ತಂತಿರಾಯ, ನನ್ನ ದನಿಯನ್ನಾದ್ರೂ ಸ್ಟೇಜ್ ಹತ್ತಿಸು," ಎಂದು, ನಾಟಕದ ಸೌಂಡ್ ನೋಡಿಕೊಳ್ಳುತ್ತಿದ್ದ ಅವನತ್ತ ನಕ್ಕಿದ್ದಳು.

ತಂತಿರಾಯ! ಆ ಹೆಸರು ಅಮ್ಮನದೇ. ಅವನ ಸಾಫ್ಟ್‌ವೇರಿನಲ್ಲಿ ಕಂಪ್ಯೂಟರ್ ಪರದೆ ತುಂಬ ಪುಟ್ಟ ಪುಟ್ಟ ಡಬ್ಬಿಗಳು, ಡಬ್ಬಿಯಿಂದ ಡಬ್ಬಿಗೆ ತಂತಿಗಳು. ಒಂದು ಡಬ್ಬಿ ಒತ್ತಿದರೆ ಸಾಕು, ಫೈಲಿನಲ್ಲಿದ್ದ ದನಿ ಸ್ಪೀಕರಿಗೆ ಹರಿಯಬೇಕು.

ಅಂದು ಅಮ್ಮ ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿನಲ್ಲಿದ್ದಳು. ಮೊಮ್ಮಗಳ ಪಾತ್ರದಲ್ಲಿ ಅವಳು ಕರೆದಳು, "ಅಜ್ಜೀ..."

ಮೌನ.

"ಅಜ್ಜೀ!"

ಮತ್ತೂ ಮೌನ! ಜನ ಗುಸುಗುಸು ಶುರು ಮಾಡಿದರು. ಅಮ್ಮನ ಕಣ್ಣು ತುಂಬಿದ್ದು ರಂಗದ ಮೇಲಿಂದಲೇ ಕಂಡಿತು.

"ನನ್ನದೇ ತಪ್ಪು," ಎಂದಿದ್ದ ಅವನು, ನಾಟಕ ಮುಗಿದ ಮೇಲೆ. ಎಲ್ಲರೆದುರೇ ಅವಳು ಅವನನ್ನು ಹೊರಗಟ್ಟಿದ್ದಳು. ಮುಂದಿನ ತಿಂಗಳೇ ಅಮ್ಮ ಆಸ್ಪತ್ರೆ ಸೇರಿ, ಅಲ್ಲೇ ಹೋಗಿಬಿಟ್ಟಳು.

ಈಗ ಅಮ್ಮನ ನೆನಪಿಗೆ ಅದೇ ನಾಟಕ. ಹೊಸದಾಗಿ ಬಂದ ಸೌಂಡ್ ಅಕ್ಕ ಬೆಳಿಗ್ಗೆ ಹಳೆಯ ಡಬ್ಬಿಗಳನ್ನು ತೆರೆದು ಹುಬ್ಬು ಗಂಟಿಕ್ಕಿದ್ದಳು.

"ಇದೊಂದ್ರಲ್ಲಿ ಫೈಲು ಎಲ್ಲಿದೆ ಅನ್ನೋ ದಾರಿ ಬರೆದವ್ರು ಯಾರಮ್ಮಾ? ಫೋಲ್ಡರ್ ಹೆಸರುಗಳ ನಡುವಿನ ಗೆರೆ ಹಿಂದಕ್ಕೆ ವಾಲಿದೆ. ಈ ಸಾಫ್ಟ್‌ವೇರಿಗೆ ಮುಂದಕ್ಕೆ ವಾಲಿದ ಗೆರೆನೇ ಬೇಕು. ಇಲ್ದಿದ್ರೆ ಫೈಲು ಕಣ್ಣೆದುರೇ ಇದ್ರೂ ಸಿಗಲ್ಲ."

ಅವಳು ಪರದೆಯ ಹತ್ತಿರ ಬಗ್ಗಿ ನೋಡಿದಳು.

ಅಂದು ಅವನು ಏಣಿಯ ಮೇಲೆ ಸ್ಪೀಕರ್ ಕಟ್ಟುತ್ತಿದ್ದ. ಅವನಿಗೊಂದು ಕೆಲಸ ಕಡಿಮೆಯಾಗಲಿ ಎಂಬ ಅಕ್ಕರೆಯಿಂದ ಅವಳೇ ರೆಕಾರ್ಡಿಂಗನ್ನು ರಂಗಮಂದಿರದ ಕಂಪ್ಯೂಟರಿಗೆ ಹಾಕಿದ್ದಳು. ಅಲ್ಲಿ ಕಂಡ ದಾರಿಯನ್ನು ಕಂಡ ಹಾಗೇ, ಹಿಂದಕ್ಕೆ ವಾಲಿದ ಗೆರೆಗಳ ಸಮೇತ, ಡಬ್ಬಿಗೆ ಅಂಟಿಸಿದ್ದಳು. ಅಯ್ಯೋ... ಅಮ್ಮನ ಬಾಯಿ ಕಟ್ಟಿದ್ದು ನಾನೇ!

"ನಿಂಗೆ ಅವತ್ತೇ ಗೊತ್ತಾಯ್ತಾ?" ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದಳು.

"ಗೊತ್ತಾಗೋ ಹೊತ್ತಿಗೆ ಆ ದೃಶ್ಯ ಮುಗಿದಿತ್ತು."

"ಮತ್ತೆ ನನ್ನ ಹತ್ರ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಬದುಕಿಡೀ ಕೊರಗ್ತಿದ್ದೆ. ನನ್ನ ಬೈದ್ರೆ ಸ್ವಲ್ಪ ಹಗುರಾಗ್ತೀಯ ಅಂದ್ಕೊಂಡೆ. ನಾಟಕಕ್ಕೆ ಮುಂಚೆ ಒಂದ್ಸಲ ಒತ್ತಿ ನೋಡ್ಬೇಕಿತ್ತು. ನೋಡ್ಲಿಲ್ಲ. ಅಷ್ಟು ತಪ್ಪು ನಂದೂ ಇದೆ ಕಣೇ."

ಅವಳು ಬಾಗಿಲಿಗೊರಗಿ ಬಿಕ್ಕಿದಳು. "ತನ್ನ ದನಿ ಕೇಳಿಸ್ಕೊಳ್ಳದೇನೇ ಹೋದ್ಳಲ್ಲೋ ಅಮ್ಮ..."

"ಇಲ್ಲ, ಕೇಳಿಸ್ಕೊಂಡ್ರು. ಆಸ್ಪತ್ರೇಲಿ ನೀನು ಔಷಧಿ ತರೋಕೆ ಹೋದಾಗ ಬಂದಿದ್ದೆ. ಫೋನಲ್ಲೇ ಹಾಕಿ ಕೇಳಿಸ್ದೆ."

"ಏನಂದ್ಳು?"

"'ಪರವಾಗಿಲ್ಲ, ಇನ್ನೊಂದ್ಸಲ ರೆಕಾರ್ಡ್ ಮಾಡಿದ್ರೆ ಇನ್ನೂ ಚೆನ್ನಾಗಿ ಹೇಳ್ತೀನಿ' ಅಂದ್ರು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಅಮ್ಮ ಅಂದ್ರೆ ಅಮ್ಮನೇ! ಆಮೇಲೆ ಅಳು ಇನ್ನೂ ಹೆಚ್ಚಾಯಿತು. ಅವನು ಹತ್ತಿರ ಬಂದು, ಮುಟ್ಟಲೋ ಬೇಡವೋ ಎಂದು ಸುಮ್ಮನೆ ನಿಂತ. ಅವಳೇ ಅವನ ಕೈ ಹಿಡಿದಳು.

"ನಿನ್ನ ಎಷ್ಟು ದ್ವೇಷಿಸ್ಬೇಕು ಅಂದ್ಕೊಂಡ್ರೂ ಆಗ್ಲಿಲ್ಲ ಕಣೋ. ಪ್ರೀತಿ ಹೋಗ್ಲೇ ಇಲ್ಲ. ಇವತ್ತು ಸಂಜೆ ನಾಟಕಕ್ಕೆ ಬಾ."

"ಸೌಂಡಿಗೆ ಆ ಅಕ್ಕ ಇದ್ದಾರಲ್ಲ?"

"ಕೆಲಸಕ್ಕಲ್ಲ. ಅಮ್ಮ ಕೂತಿದ್ದ ಜಾಗದಲ್ಲಿ ಕೂತ್ಕೋ. ಅದು ಖಾಲಿಯಿದ್ರೆ... ನನ್ನ ಬಾಯಿಂದ ಮಾತೇ ಹೊರಡಲ್ಲ."

ಅವನು ಕಣ್ಣೊರೆಸಿಕೊಂಡು ಅಂಗಡಿಯ ಬಾಗಿಲೆಳೆದ.

"ಈ ಸಲ ಒಂದ್ಸಲ ಒತ್ತಿ ನೋಡಿದ್ರಾ?"

"ನೋಡಿದ್ವಿ," ಎಂದಳು ಅವಳು, ಅವನ ಭುಜಕ್ಕೆ ಒರಗಿ. "ಅಮ್ಮ ಓಗೊಡ್ತಿದಾಳೆ."