ತೊಗರಿ ಹೊಟ್ಟಿನ ಕೋರ್ಟು

“ಟ್ರಾವೆಲ್! ಏ, ಟ್ರಾವೆಲ್!”

ಆಳಂದ ಬಸ್ ಸ್ಟ್ಯಾಂಡ್ ಎದುರಿನ ಚಹಾದ ಹೋಟೆಲಿನಲ್ಲಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಗೋಡೆಯ ಮೇಲಿನ ಟಿವಿಯಲ್ಲಿ ‘ಹೊಸಮನಿ ಹೊಸ್ತಿಲು’ ಧಾರಾವಾಹಿ ನಡೆದಿತ್ತು. ನಾಯಕಿಯ ನಾದಿನಿ ಸೃಷ್ಟಿ ಹೈಸ್ಕೂಲ್ ಹುಡುಗಿ. ಅವಳು ಬಾಸ್ಕೆಟ್‌ಬಾಲ್ ಚೆಂಡನ್ನು ಎದೆಗವುಚಿಕೊಂಡು ಕೋರ್ಟಿನ ಈ ತುದಿಯಿಂದ ಆ ತುದಿಗೆ ಓಡಿ, ರಿಂಗಿನೊಳಗೆ ಹಾಕಿ, ಕೂದಲು ಹಾರಿಸಿ ನಕ್ಕಳು.

ಕೂಗಿದ್ದ ಜಯಮಾಲಾ ಕೈಯಲ್ಲಿದ್ದ ಕಪ್ಪನ್ನು ಟಪ್ಪನೆ ಕೆಳಗಿಟ್ಟಳು.

“ಏನ್ ತಪ್ಪಾತ್ರಿ?” ಪಕ್ಕದ ಟೇಬಲ್ಲಿನ ಯುವಕ ಕೇಳಿದ.

“ಏನ್ ತಪ್ಪಾತಾ? ಚೆಂಡು ನೆಲಕ್ಕ ಪುಟಿಸದ ಹಂಗ ಹಿಡ್ಕೊಂಡು ಓಡಿದ್ರ ಅದಕ್ಕ ಟ್ರಾವೆಲ್ ಅಂತಾರ್ರಿ. ಸೀಟಿ ಊದಿ, ಚೆಂಡು ಕಸಗೊಂಡು ಎದುರಿನವರಿಗೆ ಕೊಡ್ತಾರ! ಮ್ಯಾಲೆ ಕಿವ್ಯಾಗ ಝುಮಕಿ, ಬಿಟ್ಟ ಕೂದಲ, ಮೈಮ್ಯಾಲೆ ಒಂದ್ ಹನಿ ಬೆವರಿಲ್ಲ... ಇದನ್ನ ಬರ್ದಾಂವ ಜನ್ಮದಾಗ ಚೆಂಡು ಮುಟ್ಟಿರ್ಲಿಕ್ಕಿಲ್ಲ!”

ಯುವಕ ಸಾವಕಾಶವಾಗಿ ಚಹಾ ಗುಟುಕರಿಸಿದ. “ಮುಟ್ಟಿಲ್ಲರಿ.”

“ನಿಮಗ ಹೆಂಗ ಗೊತ್ತು?”

“ಬರ್ದಾಂವ ನಾನೇ.”

ಹೋಟೆಲಿನವರೆಲ್ಲ ಗೊಳ್ಳೆಂದರು. ಜಯಮಾಲಾಳ ಕೆನ್ನೆ ಬಿಸಿಯಾಯಿತು. ಆದರೂ ಅವಳು ಕಣ್ಣು ತಗ್ಗಿಸಲಿಲ್ಲ.

“ಹಂಗಾದ್ರ ಶನಿವಾರ ಮುಂಜಾನೆ ನಮ್ಮ ಸಾಲಿಗೆ ಬರ್ರಿ. ಮುಟ್ಟಿಸ್ತೇನಿ!”

ಆಟೋದಲ್ಲಿ ಮನೆ ಕಡೆ ಹೊರಟಾಗಲೇ ಅವಳಿಗೆ ಎಚ್ಚರವಾದದ್ದು. ‘ಅಯ್ಯೋ... ಗುರ್ತಿಲ್ಲದ ಗಂಡಸಿಗೆ ಏನಂದುಬಿಟ್ಟೆ ನಾನು! ಬರದಿದ್ರ ಸಾಕು...’

ಆದರೆ ಅವನು ಬಂದ!

ಅವನ ಹೆಸರು ಅಮರನಾಥ. ಅತನೂರಿನವನು. ಅಫಜಲಪುರದಲ್ಲಿ ಒಂದು ಕೋಣೆ ಮಾಡಿಕೊಂಡು, ಅಲ್ಲಿಂದಲೇ ಸಂಭಾಷಣೆ ಬರೆದು ಬೆಂಗಳೂರಿಗೆ ಕಳಿಸುತ್ತಿದ್ದ. ಜಯಮಾಲಾ ತಾನು ಓದಿದ ಹೈಸ್ಕೂಲಿನಲ್ಲೇ ದೈಹಿಕ ಶಿಕ್ಷಣದ ಟೀಚರ್. ಅವಳು ಆಟ ಕಲಿತದ್ದೂ ಅದೇ ಸಿಮೆಂಟು ಕೋರ್ಟಿನಲ್ಲಿ.

ಆ ಕೋರ್ಟಿನ ಕಥೆಯೇ ಬೇರೆ. ಸುತ್ತ ತೊಗರಿ ಅಂಗಡಿಗಳು. ಸುಗ್ಗಿ ಬಂತೆಂದರೆ ಸಿಮೆಂಟು ಕಂಡಲ್ಲೆಲ್ಲ ತೊಗರಿ ಹರವುತ್ತಾರೆ, ಕೋರ್ಟನ್ನೂ ಬಿಡುವುದಿಲ್ಲ. ಮುಂಜಾನೆ ಕಾಳು ಚೀಲಕ್ಕೆ ಹೋಗುತ್ತದೆ, ಹೊಟ್ಟು ಅಲ್ಲೇ ಉಳಿಯುತ್ತದೆ. ಹುಡುಗಿಯರು ಮೊದಲು ಕಸ ಗುಡಿಸಬೇಕು, ಆಮೇಲೆ ಆಟ.

“ಇವರೆಲ್ಲ ಇಷ್ಟು ಸಣ್ಣ ಸಣ್ಣ ಹೆಜ್ಜಿ ಯಾಕ ಇಡ್ತಾರ್ರಿ ಮೇಡಂ?”

“ಹೊಟ್ಟಿನ ಮ್ಯಾಲೆ ಉದ್ದ ಹೆಜ್ಜಿ ಇಟ್ಟು ನೋಡ್ರಿ, ಗೊತ್ತಾಗ್ತದ.”

ಅಮರನಾಥ ಇಟ್ಟು ನೋಡಿದ. ಜಾರಿ ಧಪ್ಪನೆ ಕೂತ. ಏಳುವಷ್ಟರಲ್ಲಿ ಪಾಸಾಗಿ ಬಂದ ಚೆಂಡು ಮೂಗಿಗೆ ಬಡಿಯಿತು.

“ಸರ್, ಚೆಂಡಿಗೆ ಮುತ್ತು ಕೊಡಬ್ಯಾಡ್ರಿ!” ಹುಡುಗಿಯೊಬ್ಬಳು ಕೂಗಿದಳು. ಜಯಮಾಲಾ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ಅವನೂ ಮೂಗು ಒರೆಸಿಕೊಳ್ಳುತ್ತ ನಕ್ಕ.

ಆಗಲೇ... ಹೌದು, ಆಗಲೇ ಅವಳಿಗೆ ಅವನು ಹಿಡಿಸಿದ್ದು. ತನ್ನನ್ನು ನೋಡಿ ತಾನೇ ನಗಬಲ್ಲ ಗಂಡಸನ್ನು ಅವಳು ಬಹಳ ಕಂಡಿರಲಿಲ್ಲ.

ಶನಿವಾರ ಬಂತೆಂದರೆ ಅವನು ಹಾಜರು. ಅತ್ತ ಟಿವಿಯ ಸೃಷ್ಟಿಯೂ ಬದಲಾಗತೊಡಗಿದಳು. ಝುಮಕಿ ಹೋಯಿತು. ಎರಡು ಜಡೆ ಮಡಚಿ ಕಟ್ಟಿ, ಮೊಣಕಾಲಿಗೆ ಪಟ್ಟಿ ಹಚ್ಚಿಕೊಂಡು, ಬೆವರಿ ಕೆಂಪಾಗಿ, ಸಣ್ಣ ಹೆಜ್ಜೆ ಇಡುತ್ತ ಚೆಂಡು ಪುಟಿಸಿದಳು. ಸೋತ ದಿನ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಸುಮ್ಮನೆ ಕೂತಳು.

“ಟೀಚರ್, ಆ ಮೊಣಕಾಲ ಪಟ್ಟಿ ನಂದು!”

“ಆ ಬೈಗುಳ ಟೀಚರ್‌ದು!”

ಧಾರಾವಾಹಿಯ ಫೇಸ್‌ಬುಕ್ ಪುಟದಲ್ಲಿ ಜೇವರ್ಗಿಯ ಯಾರೋ ಬರೆದಿದ್ದರು: ‘ನಾಯಕಿಗಿಂತ ನಾದಿನಿನೇ ಛಲೋ. ನಮ್ಮ ಸಾಲಿ ಹುಡುಗಿ ಆಡಿದಂಗ ಐತಿ.’ ಜಯಮಾಲಾ ಅದನ್ನು ಮತ್ತೆ ಮತ್ತೆ ಓದಿದಳು. ಎದೆ ಉಬ್ಬಿತು.

ಒಂದು ಶನಿವಾರ ಹುಡುಗಿಯರೆಲ್ಲ ಹೋದ ಮೇಲೆ ಅಮರನಾಥ ಕೇಳಿದ, “ನಿಮ್ಮನ್ನ ಯಾರು ಗುಡಸಾಕ ಹಚ್ಚತಿದ್ರು ಮೇಡಂ, ನೀವು ಆಡಾಗ?”

ಅವಳು ಕೈಯಲ್ಲಿದ್ದ ಚೆಂಡನ್ನು ಕೆಳಗಿಟ್ಟಳು.

“ನಾನು ಗುಡಿಸಿಲ್ಲರಿ. ನಮ್ಮ ಅಪ್ಪಾಜಿ ಗುಡಸ್ತಿದ್ರು.”

ಅವಳ ಅಪ್ಪ ದೌಲತರಾಯರು ತೊಗರಿ ವ್ಯಾಪಾರಿ. ಊರೆಲ್ಲ ‘ಸಾವಕಾರ್ರ’ ಅನ್ನುವ ಮನುಷ್ಯ. ಒಮ್ಮೆ ಮಗಳು ಹೊಟ್ಟಿನ ಮೇಲೆ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಮರುದಿನದಿಂದ ಅವರು ಅಂಗಡಿ ಬಾಗಿಲು ತೆಗೆಯುವ ಮುಂಚೆ ಕೋರ್ಟಿಗೆ ಬಂದು ತಾವೇ ಗುಡಿಸತೊಡಗಿದರು. ಬಗ್ಗಿ ಗುಡಿಸಲು ಬೆನ್ನು ಕೇಳುತ್ತಿರಲಿಲ್ಲ. ದಿನವೆಲ್ಲ ಚೀಲಗಳ ನಡುವೆ ದುಡಿದ ಬೆನ್ನು... ಆದರೂ ಬಿಡಲಿಲ್ಲ.

“ಮಂದಿ ನಗತಿದ್ರು. ಅಪ್ಪಾಜಿ ಏನ್ ಅಂತಿದ್ರು ಗೊತ್ತೇನ್ರಿ? ‘ನಗಲಿ ಬಿಡ್ರಿ. ನನ್ನ ಮಗಳು ಆಡಾಕತ್ಯಾಳ.’ ಅಷ್ಟ.”

ಈ ಮಾತನ್ನು ಅವಳು ಬೇರೆ ಯಾರಿಗೂ ಹೇಳಿರಲಿಲ್ಲ.

ಅಮರನಾಥ ಅವಳ ಕಡೆಗೇ ನೋಡುತ್ತಿದ್ದ. ಆ ನೋಟಕ್ಕೆ ಅವಳ ಎದೆ ಝಲ್ಲೆಂದಿತು!

ಎಲ್ಲ ಸರಿಯಾಗಿಯೇ ಇತ್ತು... ಆ ಪ್ರೊಮೋ ಬರುವವರೆಗೆ.

ಸಂಜೆ ತಾಯಿ ಗೌರಾಬಾಯಿ ಟಿವಿ ಹಚ್ಚಿದ್ದಳು. ಅಪ್ಪಾಜಿ ಪಕ್ಕದಲ್ಲೇ ಕೂತಿದ್ದರು. ಮುಂದಿನ ವಾರದ ತುಣುಕು ಬಂತು. ಕೋರ್ಟಿನಲ್ಲಿ ಅಳುತ್ತ ನಿಂತ ಸೃಷ್ಟಿ. ಉದ್ದನೆಯ ಕೋಲನ್ನು ಬಿಗಿಯಾಗಿ ಹಿಡಿದ ಗಂಡಸಿನ ಮುಷ್ಟಿ. ಅವಳಪ್ಪನ ಗುಡುಗು: “ನನ್ನ ಮಗಳು... ಈ ಕೋರ್ಟಿನ್ಯಾಗ...!” ಚೆಂಡು ಉರುಳಿಹೋಯಿತು. ಸಂಗೀತ ಸಿಡಿಲಿನಂತೆ ಬಡಿಯಿತು.

‘ತಂದೆಯ ಕೋಪಕ್ಕೆ ಬಲಿಯಾಗುತ್ತಾಳಾ ಸೃಷ್ಟಿ?’

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಜಯಮಾಲಾ ಬೆಚ್ಚಿಬಿದ್ದಳು. ಸೃಷ್ಟಿ ಅಂದರೆ ಜಯಮಾಲಾ ಎಂದು ಆಳಂದಕ್ಕೆಲ್ಲ ಹುಡುಗಿಯರು ಡಂಗುರ ಸಾರಿದ್ದರು. ಹಾಗಾದರೆ ಆ ಕೋಲು ಹಿಡಿದ ಅಪ್ಪ...?

ಅಪ್ಪಾಜಿ ಎದ್ದು ಒಳಗೆ ಹೋದರು.

ಮರುದಿನ ಅಂಗಡಿಯಲ್ಲಿ ಯಾರೋ ಚುಚ್ಚಿದ್ದರು, “ಏನ್ರಿ ಸಾವಕಾರ್ರ, ಟಿವಿಯಾಗ ಬಡಿಗಿ ಹಿಡ್ಕೊಂಡು ನಿಂತೀರಲ್ಲ!” ಅಪ್ಪಾಜಿ ನಕ್ಕರಂತೆ. ಆದರೆ ಊಟಕ್ಕೆ ಕೂತಾಗ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟರು.

ಅಮರನಾಥನ ಫೋನು ಮೇಲಿಂದ ಮೇಲೆ ಬಂತು. ಅವಳು ನಂಬರನ್ನೇ ಬ್ಲಾಕ್ ಮಾಡಿದಳು.

ಶನಿವಾರ ಅವನು ಬಂದಾಗ ಅವಳು ಸಾಲಿಯ ಗೇಟಿಗೆ ಒಳಗಿನಿಂದ ಚಿಲಕ ಹಾಕಿ ನಿಂತಿದ್ದಳು.

“ಮೇಡಂ, ಪ್ರೊಮೋ ಮಾಡೂದು ಚಾನೆಲ್‌ನವರು. ನಾ ಬರ್ದಿದ್ದು...”

“ಸಾಕ್ ಮಾಡ್ರಿ!” ಅವಳು ಮಾತು ತುಂಡರಿಸಿದಳು. “ನಮ್ಮಪ್ಪ ದೇವರಂಥ ಮನಷ್ಯಾ. ನಂಬಿ ಹೇಳಿದ್ದೆ ನಿಮಗ. ಝುಮಕಿ ತಗದ್ರಿ, ಬೆವರು ಹಚ್ಚಿದ್ರಿ, ಎಲ್ಲಾ ಖರೇ ತೋರಿಸಿದ್ರಿ. ಅಪ್ಪನ್ನ ಮಾತ್ರ ಸುಳ್ಳು ಮಾಡಿದ್ರಿ!”

ಅವನ ಮುಖ ಕಪ್ಪಿಟ್ಟಿತು. ಗೇಟಿನ ಸರಳು ಹಿಡಿದು ನಿಂತ.

“ಸೋಮವಾರದ ಎಪಿಸೋಡು ಅಪ್ಪಾಜಿಯವರ ಜೋಡಿ ಕೂತು ನೋಡ್ರಿ. ಅಷ್ಟ ಕೇಳ್ತೇನಿ.”

“ನೋಡೂದಿಲ್ಲ!”

ಅವನು ಹೋದ. ತಿರುಗಿ ನೋಡಲಿಲ್ಲ. ‘ಹೋಗಲಿ... ಹೋಗಲಿ...’ ಅಂದುಕೊಂಡಳು. ಕಣ್ಣು ಮಾತ್ರ ಕೇಳಲಿಲ್ಲ.

ಸೋಮವಾರ ಸಂಜೆ ಟಿವಿ ಹಚ್ಚಿದವರು ಸ್ವತಃ ಅಪ್ಪಾಜಿ.

“ಬ್ಯಾಡ್ರಿ ಅಪ್ಪಾಜಿ...”

“ಕೂಡು ಬೇ. ಬೈಯೂದಿದ್ರ ನೋಡೇ ಬೈಯೋಣ.”

ಸೃಷ್ಟಿ ಆಡುತ್ತ ಆಡುತ್ತ ಜಾರಿ ಬಿದ್ದಳು. ಮುಂಗೈ ಹಿಡಿದು ಅತ್ತಳು. ಅವಳ ಕಾಕಾ ಚೆಂಡನ್ನು ಒದ್ದು, “ಹೆಣ್ಣಹುಡುಗಿಗೆ ಈ ಆಟ ಯಾಕ? ಇನ್ನ ಮನ್ಯಾಗ ಕೂಡು” ಅಂದ. ಆಗ ಅಪ್ಪ ಬಂದ. ಅದೇ ಕೋಲು, ಅದೇ ಬಿಗಿಮುಷ್ಟಿ. ಜಯಮಾಲಾ ಅಪ್ಪಾಜಿಯ ಕೈ ಗಟ್ಟಿಯಾಗಿ ಹಿಡಿದಳು.

ಕ್ಯಾಮೆರಾ ಕೋಲಿನಗುಂಟ ಸಾವಕಾಶ ಕೆಳಗಿಳಿಯಿತು...

ಕೋಲಿನ ತುದಿಗೆ ಕಸಬರಿಗೆ ಕಟ್ಟಿತ್ತು!

“ನನ್ನ ಮಗಳು ಈ ಕೋರ್ಟಿನ್ಯಾಗ ಇನ್ನೊಮ್ಮೆ ಜಾರಿ ಬೀಳಬಾರದು,” ಅಂದ ಆ ಅಪ್ಪ, ಮತ್ತು ಗುಡಿಸತೊಡಗಿದ. ಕಾಕಾ ನಕ್ಕ. ಹಿಂದೆ ನಿಂತ ಮಂದಿಯೂ ನಕ್ಕರು. “ನಗಲಿ ಬಿಡ್ರಿ. ನನ್ನ ಮಗಳು ಆಡಾಕತ್ಯಾಳ.”

ದೌಲತರಾಯರು ಹೆಗಲ ಮೇಲಿನ ಟವೆಲ್ಲನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅಂದರು, “ಆ ನಟಗ ಗುಡಸಾಕ ಬರೂದಿಲ್ಲ. ಗಾಳಿ ಎದುರು ನಿಂತು ಗುಡಸಾಕತ್ಯಾನ. ಹೊಟ್ಟೆಲ್ಲಾ ಮಾರಿಗೆ ಬರ್ತದ.”

“ನೀವರೇ ಏನ್ ಮಾಡಿದ್ರಿ?” ಗೌರಾಬಾಯಿ ಅಳುತ್ತಲೇ ನಕ್ಕಳು. “ಮೊದಲನೇ ದಿನ ಮನಿಗೆ ಬಂದಾಗ ಮೀಸಿ ತುಂಬ ಹೊಟ್ಟು! ಬರೋಬ್ಬರಿ ತೋರಿಸ್ಯಾನ ಹುಡುಗ.”

ಅಪ್ಪಾಜಿ ಮೀಸೆ ಮುಟ್ಟಿ ನೋಡಿಕೊಂಡರು. ಬೆನ್ನು ನೆಟ್ಟಗೆ ಮಾಡಿ ಕೂತರು. ಅಷ್ಟು ನೆಟ್ಟಗೆ ಕೂತದ್ದನ್ನು ಜಯಮಾಲಾ ಎಂದೂ ನೋಡಿರಲಿಲ್ಲ.

“ಆ ಹುಡುಗನ್ನ ಊಟಕ್ಕ ಕರಿ ಬೇ.”

ಮರುದಿನ ಮುಂಜಾನೆ ಅವಳು ಸಾಲಿಗೆ ಬಂದಾಗ ಕೋರ್ಟಿನಲ್ಲಿ ಧೂಳೆದ್ದಿತ್ತು. ಅಮರನಾಥ! ಹಿಂದಿನ ಸಂಜೆ ಬ್ಲಾಕ್ ತೆಗೆದು ಅವಳು ಕಳಿಸಿದ್ದು ‘ಬರ್ರಿ’ ಎಂಬ ಒಂದೇ ಮಾತು. ಅಷ್ಟಕ್ಕೇ ಅಫಜಲಪುರದ ಮೊದಲ ಬಸ್ಸು ಹತ್ತಿ ಬಂದು ಕೋರ್ಟು ಗುಡಿಸುತ್ತಿದ್ದ.

“ಗಾಳಿ ಎದುರು ಗುಡಸಾಕತ್ತೀರಲ್ರಿ!”

ಅವನು ತಿರುಗಿದ. ಹುಬ್ಬು, ಕೂದಲು, ಅಂಗಿ, ಎಲ್ಲ ಹೊಟ್ಟು. ಅವಳಿಗೆ ನಗುವೂ ಬಂತು, ಅಳುವೂ ಬಂತು.

“ಅಪ್ಪಾಜಿ ಕೋಲು ಕಟ್ಟಿ ಗುಡಸ್ತಿದ್ದದ್ದು ನಾ ನಿಮಗ ಹೇಳೇ ಇಲ್ಲಲ್ಲ?”

“ಬೆನ್ನು ಬಗ್ಗತಿದ್ದಿಲ್ಲ ಅಂದಿದ್ರಿ. ಬಗ್ಗದಿದ್ರ ಕೋಲು ಕಟ್ಟೇ ಕಟ್ಟಿರ್ತಾರ ಅನಿಸ್ತು.”

“ಕಸಬರಿಗಿ ಅಂತ ಗೇಟಿನ್ಯಾಗ ಒಂದ್ ಮಾತು ಹೇಳಬಾರದಿತ್ತೇನ್ರಿ?”

“ಆ ದಿನ ನಂಬತಿದ್ರೇನು?” ಅವನು ಮೆಲ್ಲಗೆ ಅಂದ. “ಚಾನೆಲ್‌ನವರು ಅಪ್ಪ ಬಡೀಬೇಕು ಅಂದ್ರು. ಬಡಿಯೂದಾದ್ರ ನಾ ಬರಿಯೂದಿಲ್ಲ ಅಂದೆ. ಒಪ್ಪಿದ್ರು. ಆದ್ರ ಅಪ್ಪಾಜಿಯವರು ಅದನ್ನ ನನ್ನ ಬಾಯಿಂದ ಕೇಳಬಾರದು, ಕಣ್ಣಿಂದ ನೋಡಬೇಕು ಅನಿಸ್ತು.”

ಅವಳ ಕಣ್ಣು ತುಂಬಿತು. “ನಾ ಬಹಳ ಬೈದೆ...”

“ಅಪ್ಪನ ಸಲುವಾಗಿ ಅಷ್ಟು ಬೈಯೂ ಹುಡುಗಿನ ಬಿಟ್ಟು ಎಲ್ಲಿ ಹೋಗಲಿ, ಜಯಾ?”

ಮೇಡಂ ಅನ್ನಲಿಲ್ಲ... ಜಯಾ ಅಂದ!

ಅವನು ಮೂಲೆಯಲ್ಲಿದ್ದ ಚೆಂಡನ್ನು ಎತ್ತಿಕೊಂಡು, ಎದೆಗವುಚಿಕೊಂಡು, ಅವಳ ಕಡೆಗೆ ನಡೆದು ಬಂದ. ಒಮ್ಮೆಯೂ ಪುಟಿಸಲಿಲ್ಲ.

“ಟ್ರಾವೆಲ್!” ಅವಳು ಕಣ್ಣೀರಿನಲ್ಲೇ ಕೂಗಿದಳು.

“ಹೌದ್ರಿ. ಸೀಟಿ ಊದ್ರಿ.”

ಕೊರಳಿನ ಸೀಟಿ ತುಟಿಗೆ ಬಂತು. ಊದಲಾಗಲಿಲ್ಲ.

“ರೂಲ್ ಪ್ರಕಾರ ಚೆಂಡು ಎದುರಿನವರಿಗೆ ಕೊಡಬೇಕು,” ಅಂದಳು ಪಿಸುದನಿಯಲ್ಲಿ.

ಅವನು ಚೆಂಡನ್ನು ಅವಳ ಕೈಗಿಟ್ಟ. ಅವನ ಕೈ ಅಲ್ಲೇ ಉಳಿಯಿತು.

“ಕೊಟ್ಟೆ. ಇನ್ನ ನಿಮ್ಮದು.”

“ಚೆಂಡಾ?”

“ಚೆಂಡೂ.”