ವಿಲ್ಮಾಳ ಬಿಲ್ಲೆ

ಪೆನ್ಸಿಲ್ವೇನಿಯಾದ ನಮ್ಮ ಸ್ವಂತ ಕಾಡಿನಲ್ಲಿ ಒಂದು ನಿಯಮವಿದೆ. ಬೇಟೆಗೆ ಹೊರಟವರು ಗೇಟಿನ ಹಲಗೆಯ ಮೇಲೆ, ತಾವು ಕೂರುವ ಅಟ್ಟಣೆಯ ಗುರುತು ಬರೆದ ಮೊಳೆಗೆ ತಮ್ಮ ಹೆಸರಿನ ಬಿಲ್ಲೆ ಹಾಕಬೇಕು. ಬಿಲ್ಲೆಯಿದ್ದ ಕಡೆಗೆ ಯಾರೂ ಗುಂಡು ಹಾರಿಸುವುದಿಲ್ಲ.

ನನ್ನ ಹೆಂಡತಿ ವಿಲ್ಮಾ ಏಪ್ರಿಲ್‌ನಲ್ಲಿ ತೀರಿಕೊಂಡಳು. ನವೆಂಬರಿನ ಮೊದಲ ಬೇಟೆಯ ಬೆಳಿಗ್ಗೆ ಅವಳ ಬಿಲ್ಲೆ ಓಕ್ ಮರದ ಅಟ್ಟಣೆಯ ಮೊಳೆಯಲ್ಲಿತ್ತು.

"ತಮಾಷೆಗೂ ಒಂದು ಮಿತಿ ಇರ್ಬೇಕು ಕ್ಲೈಡ್," ಎಂದೆ ಅವಳ ತಮ್ಮನಿಗೆ.

"ನಿಮ್ ಜೊತೇಲೇ ಗಾಡಿ ಇಳಿದ್ನಲ್ಲ ಭಾವ. ತೆಗೆದು ಜೇಬಿಗೆ ಹಾಕ್ಕೊಳ್ಳಿ. ಈ ಸಲ ಹೆಣ್ಣು ಜಿಂಕೆ ಕಮ್ಮಿ ಮಾಡ್ಲಿಲ್ಲ ಅಂದ್ರೆ ಕಾಡಲ್ಲಿ ಒಂದು ಸಸಿನೂ ಉಳಿಯಲ್ಲ. ಅವೆಲ್ಲ ಮೇಯೋದು ಆ ಓಕ್ ಕೆಳಗೇನೆ."

ನಾನು ತೆಗೆಯಲಿಲ್ಲ. ನನ್ನ ಬಿಲ್ಲೆಯನ್ನೂ ಅದೇ ಮೊಳೆಗೆ ಹಾಕಿ ಹೋಗಿ ಅಟ್ಟಣೆ ಹತ್ತಿದೆ. ಕೂರುವ ಹಲಗೆಯ ಮೇಲೆಲ್ಲ ಹಿಮ ಕೂತಿತ್ತು. ಎಡತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಮಾತ್ರ ಒಣಗಿತ್ತು; ಅಂಗೈ ಇಟ್ಟರೆ ಬೆಚ್ಚಗಿತ್ತು. ಅದರ ಪಕ್ಕ ಕೂತೆ. ಕೆಳಗೆ ಏಳು ಜಿಂಕೆಗಳು ಬಂದು ಮೇಯ್ದವು. ಬಂದೂಕು ಎತ್ತಲಿಲ್ಲ.

ಚಳಿ ತಡೆಯಲಾರದೆ ಹತ್ತು ಗಂಟೆಗೆ ಮನೆಗೆ ಹೋಗುವುದು ವಿಲ್ಮಾಳ ರೂಢಿಯಾಗಿತ್ತು. ಹತ್ತಕ್ಕೆ ಆ ಜಾಗ ತಣ್ಣಗಾಯಿತು. ಇಳಿದು ಗೇಟಿಗೆ ಬಂದರೆ ಓಕ್‌ನ ಮೊಳೆಯಲ್ಲಿ ನನ್ನ ಬಿಲ್ಲೆ ಒಂದೇ ಇತ್ತು. ಅವಳದು 'ಮನೆ' ಎಂದು ಬರೆದ ಮೊಳೆಯಲ್ಲಿತ್ತು.

ಮನೆಗೆ ಓಡಿದೆ. ಬೆಳಿಗ್ಗೆ ನಾನೇ ಹಾಕಿದ್ದ ಬೀಗ ಹಾಗೇ ಇತ್ತು. ಆದರೂ ತೆಗೆಯುವ ಮೊದಲು ಬಾಗಿಲು ತಟ್ಟಿದೆ.